ತಿಪ್ಪಣ್ಣ ಕೊಟ್ಟ ವಿಳಾಸ

ಹೌಗಾಂಗ್, ಸಿಂಗಪುರ
16 ಜನವರಿ 2007

ಶೈಲಕ್ಕ, ಶರಣು.

ನಾನು ನಿಮಗೆ ಬರೆಯದೆ ನಾಲ್ಕು ವರ್ಷವಾಯಿತು. ಕಾರಣ ಹೇಳಲು ಹೊರಟರೆ ಈ ಪತ್ರ ಅದರಲ್ಲೇ ಮುಗಿದುಹೋದೀತು. ಈಗ ಬರೆಯುತ್ತಿರುವುದು ಒಂದು ಕೆಲಸದ ಸಲುವಾಗಿ. ನೀವು ಹೆರಿಗೆ ಆಸ್ಪತ್ರೆಯ ನರ್ಸ್ ಕೆಲಸ ಬಿಟ್ಟು ಜಿಲ್ಲಾ ಆಸ್ಪತ್ರೆಯಲ್ಲಿ ಎಚ್‌ಐವಿ ಆಪ್ತಸಮಾಲೋಚಕಿಯಾಗಿದ್ದೀರಿ ಎಂದು ನನ್ನ ತಮ್ಮ ಹೇಳಿದ. ಅಲ್ಲಿನ ಫೋನು ಗುಮಾಸ್ತರ ಮೇಜಿನ ಮೇಲಿದೆ ಎಂದೂ ಹೇಳಿದ. ಆದ್ದರಿಂದ ಪತ್ರ.

ನಿಮ್ಮ ಪಕ್ಕದಲ್ಲಿ ನಿಂತು ಅಷ್ಟು ಹೆರಿಗೆ ಮಾಡಿಸಿದವಳು ಇಲ್ಲಿ ನರ್ಸ್ ಆಗಬೇಕಾದರೆ ಮತ್ತೆ ಪರೀಕ್ಷೆ ಬರೆಯಬೇಕು. ಬರೆದಿಲ್ಲ. ನಮ್ಮ ಯಜಮಾನರು, ಶಿವಪ್ರಸಾದ, ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿದ್ದಾರೆ. ಊರೆಲ್ಲ ದುಡ್ಡಿನ ಸುಗ್ಗಿ, ಅವರಿಗೆ ಬಿಡುವಿಲ್ಲ. ನಾನು ಒಂದು ಸಣ್ಣ ಗುಂಪಿನಲ್ಲಿದ್ದೇನೆ. ಭಾನುವಾರ ಸೆಂಬವಾಂಗ್‌ನ ಹಡಗುಕಟ್ಟೆಯ ಕೂಲಿಗಳ ವಸತಿಗೆ ಹೋಗಿ ಎಚ್‌ಐವಿ ಬಗ್ಗೆ ಮಾತಾಡುತ್ತೇವೆ. ತಮಿಳರಿಗೆ, ಬಂಗಾಳಿಗಳಿಗೆ ಬೇರೆಯವರಿದ್ದಾರೆ. ನಮ್ಮ ಕಡೆಯವರು ಕಡಿಮೆ; ಅವರಿಗೆ ನಾನು ಮತ್ತು ಅನಂತರಾಮ್ ಅಂಕಲ್. ಅವರು ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರು. ಕಾಂಡೋಮ್ ತೋರಿಸಲು ನಾನು ಬಾಳೆಹಣ್ಣು ಒಯ್ಯುತ್ತೇನೆ. "ಅಷ್ಟೊಂದು ಬನಾನಾ ಯಾಕೆ ಲಾ?" ಎಂದು ನನ್ನ ಮಗಳು ಸಂಹಿತಾ ಇಲ್ಲಿಯವರ ಹಾಗೆ ರಾಗ ಎಳೆದು ಪ್ರತಿ ವಾರ ಕೇಳುತ್ತಾಳೆ. ವಸತಿಯ ಹುಡುಗರು ಕೇಳುವುದು ಬೇರೆ:

"ಅಕ್ಕಾರ, ಪಾಠ ಮುಗದ ಮ್ಯಾಲ ಪ್ರಸಾದ ಕೊಡ್ತೀರಲ್ರಿ?"

ಅಂಕಲ್ ಎದ್ದು ನಿಂತು, "ನೋಡ್ರಪ್ಪಾ, ಪ್ರೊಟೆಕ್ಷನ್ ಯೂಸ್ ಮಾಡೋದನ್ನ ರೂಢಿಸ್ಕೋಬೇಕು, ಉದಾಸೀನ ಕೂಡದು" ಎಂದರೆ ಹಿಂದಿನಿಂದ ಒಬ್ಬ, "ಅಂಕಲ್, ನಿಮ್ಮ ಇಂಗ್ಲಿಷ್ ತಿಳೀತೈತ್ರಿ, ಕನ್ನಡಾನ ತಿಳಿವಲ್ದು" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಅಂಕಲ್ ಕೂಡ.

ಹಾಗೆ ನಕ್ಕವರಲ್ಲಿ ತಿಪ್ಪಣ್ಣನೂ ಒಬ್ಬ. ಹಡಗಿಗೆ ಬಣ್ಣ ಹೊಡೆಯುವ ಕೆಲಸ, ಮೂವತ್ತರ ಆಸುಪಾಸು. ಕೆಲಸದ ಪರ್ಮಿಟ್ ನವೀಕರಣಕ್ಕೆ ರಕ್ತ ಕೊಟ್ಟ. ಎಚ್‌ಐವಿ ಇದೆ ಎಂದು ಬಂತು. ಇಲ್ಲಿ ಹಾಗೆ ಬಂದರೆ ಪರ್ಮಿಟ್ ಹೋಗುತ್ತದೆ, ಕೆಲವೇ ದಿನಗಳಲ್ಲಿ ಊರಿಗೆ ಕಳಿಸುತ್ತಾರೆ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದು ಅವನಿಗೆ ಅರ್ಥವಾಗಿರಲಿಲ್ಲ. ಕನ್ನಡದಲ್ಲಿ ಹೇಳಲು ನನ್ನನ್ನು ಕರೆದರು.

ಅವನು ಗಾಬರಿಯಾಗಿ ಕೂತಿದ್ದ. ಸ್ವಲ್ಪ ಹಗುರಾಗಲಿ ಎಂದು ಮೊದಲು ಕೇಳಿದೆ, "ಯಾವೂರ್ರಿ ನಿಮ್ಮದು? ಯಾರ ಪೈಕಿ?"

"ಹುನಗುಂದ ಕಡೆ ರೀ."

"ಹೌದಾ? ನಮ್ಮ ಸೋದರತ್ತಿ ಮನಿ ಅಲ್ಲೇ, ಬೇವಿನಾಳದಾಗ!"

ಆಮೇಲೆ ವಿಷಯ ಹೇಳಿದೆ. ಸಾವಲ್ಲ, ಈಗ ಊರಲ್ಲೇ ಔಷಧ ಉಚಿತವಾಗಿ ಸಿಗುತ್ತದೆ ಎಂದೆ. ಆಗಸ್ಟಿನಲ್ಲಿ ರಜೆಗೆ ಊರಿಗೆ ಹೋಗಿದ್ದನಂತೆ. ಹೆಂಡತಿ ಶಂಕ್ರೆವ್ವ ಈಗ ಬಸುರಿ, ಚೊಚ್ಚಲು. ಅವಳ ರಕ್ತವನ್ನೂ ಪರೀಕ್ಷಿಸಬೇಕು, ಹೆರಿಗೆಯ ಹೊತ್ತಿಗೆ ಗುಳಿಗೆ ಕೊಟ್ಟರೆ ಕೂಸಿಗೆ ತಗಲುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು ಎಂದೆ. "ನಾನ ಹೇಳತೀನ್ರಿ ಆಕಿಗೆ" ಎಂದ. ನಿಮಗೆ ಬರೆಯಲೇ ಎಂದು ಕೇಳಿದ್ದಕ್ಕೆ ತಲೆಯಾಡಿಸಿದ. ವಿಳಾಸ ಬಾಗಲಕೋಟೆ ತಾಲ್ಲೂಕಿನ ಮುಗಳಿಹಾಳ ಎಂದು ಬರೆಸಿದ. ಅಣೆಕಟ್ಟಿನ ನೀರು ಬಂದು ಅವರ ಮನೆಯೂ ಎತ್ತಂಗಡಿಯಾಗಿರಬಹುದು.

ಮೊನ್ನೆ ವಿಮಾನ ಹತ್ತಿದ. ಅವನನ್ನು ನೋಡಿಕೊಳ್ಳಿ ಅಕ್ಕ. ಅವನಿಗಿಂತ ಮೊದಲು ಅವಳನ್ನು.

ನಿಮ್ಮ
ಸುಮಂಗಲಾ


ಬಾಗಲಕೋಟೆ
5 ಫೆಬ್ರವರಿ 2007

ಸುಮಂಗಲಾ,

ಪತ್ರ ತಲುಪಿತು. ಮುಗಳಿಹಾಳಕ್ಕೆ ಹೋಗಿ ಬಂದೆ. ಪೋಲಿಯೋ ಲಸಿಕೆಯ ಲೆಕ್ಕಕ್ಕೆ ಬಂದವಳಂತೆ ಓಣಿ ಓಣಿ ತಿರುಗಿದೆ. ಸಿಂಗಪುರದಿಂದ ಬಂದವರು ಯಾರಾದರೂ ಇದ್ದಾರೆಯೇ ಎಂದು ಮಾತಿನ ನಡುವೆ ಕೇಳಿದ್ದಕ್ಕೆ ಕಟ್ಟೆಯ ಮೇಲಿನ ಅಜ್ಜ, "ಸಿಂಗಾಪೂರ ಬಿಡ್ರಿ, ಈ ಊರಾಗ ಸೊಲ್ಲಾಪೂರ ನೋಡಿದಾವ್ರ ನಾನೊಬ್ಬನ" ಎಂದ. ಆ ಹೆಸರಿನ ಮನೆಯೇ ಅಲ್ಲಿಲ್ಲ.

ಹುನಗುಂದ ಕಡೆ ಎಂದವನು ಬಾಗಲಕೋಟೆ ತಾಲ್ಲೂಕಿನ ಹಳ್ಳಿ ಬರೆಸಿದ; ಅವನು ಸುಳ್ಳು ವಿಳಾಸ ಕೊಟ್ಟಿದ್ದಾನೆ. ಯಾಕೆ ಕೊಟ್ಟ ಎಂಬುದು ನಿನ್ನ ಪತ್ರದಲ್ಲೇ ಇದೆ. ನೀನು ಮೊದಲು ಕೇಳಿದ್ದು ಯಾವೂರು ಎಂದು, ಆಮೇಲೆ ಯಾರ ಪೈಕಿ ಎಂದು. ಅದೂ ಸಾಲದೆ ನಿನ್ನ ಸೋದರತ್ತೆಯ ಮನೆ ಅಲ್ಲೇ ಇದೆ ಎಂದೆ. ಮದುವೆಯ ಚಪ್ಪರದಲ್ಲಿ ಕೇಳಬೇಕಾದ ಮಾತು ಅದು. ಆ ಕೋಣೆಯಲ್ಲಿ ಕೂತವನಿಗೆ ಹೇಗೆ ಕೇಳಿಸಿರಬೇಕು ಯೋಚಿಸು: ಈ ಸುದ್ದಿ ತನಗಿಂತ ಮೊದಲು ಊರು ಮುಟ್ಟುತ್ತದೆ. ತಲೆಯಾಡಿಸಿದ ಎಂದು ಬರೆದಿದ್ದೀಯ. ನಮ್ಮ ಕಡೆಯ ಗಂಡಸರು ಬೇಡ ಎನ್ನಲು ಸಂಕೋಚವಾದಾಗಲೂ ತಲೆಯಾಡಿಸುತ್ತಾರೆ.

ನಾನೂ ಮೊದಮೊದಲು ಹಾಗೇ ಕೇಳುತ್ತಿದ್ದೆ. ಕೇಳಿಸಿಕೊಂಡವರು ಮತ್ತೆ ಬರುತ್ತಿರಲಿಲ್ಲ. ಈಗ ತಿರುಗಿ ಹೋಗಲು ಬಸ್ಸು ಎಷ್ಟು ಹೊತ್ತಿಗೆ ಎಂದಷ್ಟೇ ಕೇಳುತ್ತೇನೆ.

ಹೆರಿಗೆ ಮೇ ತಿಂಗಳಿಗೆ ಬರುತ್ತದೆ. ಚೊಚ್ಚಲಾದ್ದರಿಂದ ಸೀಮಂತದ ಕುಬಸ ಮಾಡಿ ತವರಿಗೆ ಕರೆದೊಯ್ಯುತ್ತಾರೆ. ತವರು ಯಾವುದೋ ನನಗೆ ತಿಳಿಯದು. ಅಲ್ಲಿ ಸೂಲಗಿತ್ತಿಯ ಕೈಯಲ್ಲಿ ಮನೆಯಲ್ಲೇ ಹೆರಿಗೆಯಾದರೆ ಗುಳಿಗೆಯೂ ಇಲ್ಲ, ಏನೂ ಇಲ್ಲ.

ತಾನೇ ಹೇಳುತ್ತೇನೆ ಎಂದನಂತೆ. ಹೇಳುತ್ತೇನೆ ಎಂದವರು ನಮ್ಮ ಮನೆಯಲ್ಲೂ ಇದ್ದರು.

ಶೈಲಶ್ರೀ


ಹೌಗಾಂಗ್
19 ಫೆಬ್ರವರಿ 2007

ಶೈಲಕ್ಕ, ಶರಣು.

ನಿಮ್ಮ ಪತ್ರವನ್ನು ಎಂಆರ್‌ಟಿ ರೈಲಿನಲ್ಲಿ ಓದುತ್ತ ಇಳಿಯಬೇಕಾದ ನಿಲ್ದಾಣ ದಾಟಿಹೋದೆ. ನೀವು ಬರೆದದ್ದು ಸರಿ. ಅನಂತರಾಮ್ ಅಂಕಲ್‌ಗೆ ಹೇಳಿದೆ. ಅವರು ಒಪ್ಪಲಿಲ್ಲ.

"ಅಲ್ಲಮ್ಮಾ, ಯಾವೂರು ಅಂತ ಕೇಳೋದೂ ತಪ್ಪಾ? ಹಾಗಾದ್ರೆ ಕನ್ನಡದೋರು ಮಾತು ಸ್ಟಾರ್ಟ್ ಮಾಡೋದು ಹೇಗೆ?"

ಮುಂದಿನ ಭಾನುವಾರ ಹೊಸ ಹುಡುಗನೊಬ್ಬನ ಎದುರು ಬಾಯಿ ತೆರೆದವರು ಹಾಗೇ ನಿಂತರು. ಕೊನೆಗೆ "ಊಟ ಆಯ್ತೇನಪ್ಪಾ?" ಎಂದರು. ಆಗ ಬೆಳಗಿನ ಒಂಬತ್ತು ಗಂಟೆ. ಹುಡುಗ ನಕ್ಕ.

ತಿಪ್ಪಣ್ಣನ ಊರನ್ನು ವಸತಿಯಲ್ಲಿ ವಿಚಾರಿಸಬೇಕೆಂದೇ ಹೋಗಿದ್ದೆ. ಅಲ್ಲಿ ಹೋದ ಮೇಲೆ ಕೇಳಲಾಗಲಿಲ್ಲ. ಅವನ ಹೆಸರು ನನ್ನ ಬಾಯಲ್ಲಿ ಬಂದರೆ ಸಾಕು, ಅವನು ಯಾಕೆ ಹೋದ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಬಾಳೆಹಣ್ಣಿನ ಪಾಠ ಮುಗಿಸಿ ಚೀಲ ಕಟ್ಟುವಾಗ ಅವನ ಕೋಣೆಯವನು, ಸುಭಾಷ್ ಎಂಬವನು, ತಾನೇ ಬಂದ.

"ತಿಪ್ಪ್ಯಾಗ ಟಿಬಿ ಆಗೈತಿ ಅಂತ ಕಳಿಸಿದ್ರಂತಲ್ರಿ ಅಕ್ಕಾರ. ಆರಾಮ ಆಗ್ತಾನಿಲ್ರಿ?"

ಔಷಧ ತಗೊಂಡರೆ ಆಗುತ್ತಾನೆ ಎಂದೆ. ಅದು ಸುಳ್ಳಲ್ಲ.

"ಹೋಗೂ ಮುಂಚೆ ಸಿರಂಗೂನ್ ರೋಡಿಗೆ ಕರ್ಕೊಂಡು ಹೋಗಿ ಜೀವಾ ತಿಂದನ್ರಿ. ಕುಬಸಕ್ಕ ಹಸರ ಸೀರಿ ಬೇಕಂತ. ಗಿಳಿ ಹಸರೋ ಎಲಿ ಹಸರೋ ಅಂತ ಅಂಗಡಿಯಾಂವನ್ನ ಅರ್ಧಾ ತಾಸು ಕಾಡಿದ. ಒಂದ್ ಮಾತು ಅಂದನ್ರಿ ಅಂವ. ಆ ಅಕ್ಕಾರ ಸೋದರತ್ತಿ ನನ್ನ ಹೆಂಡ್ತಿ ತವರೂರಾಕಿ ಅದಾಳಂತ, ನನ್ನ ನಸೀಬ ನೋಡು, ಅಂದ. ಅದ್ರಾಗ ಏನ್ ನಸೀಬ ಕೆಟ್ಟೈತಿ ನನಗ ತಿಳೀಲಿಲ್ರಿ."

ನನಗೆ ತಿಳಿಯಿತು. ಶಂಕ್ರೆವ್ವನ ತವರು ಬೇವಿನಾಳ.

ಶಿವಪ್ರಸಾದ, "ನಿಮ್ಮ ಅತ್ತೆಗೆ ಒಂದ್ ಫೋನ್ ಮಾಡು, ಪ್ರಾಬ್ಲಮ್ ಸಾಲ್ವ್" ಎನ್ನುತ್ತಾರೆ. ಅತ್ತೆಗೆ ಊರಿನ ಪ್ರತಿ ಬಸುರಿಯ ತಿಂಗಳೂ ಬಾಯಿಪಾಠ. ಮಾಡಲೇ? ಈ ಬಾರಿ ನಿಮ್ಮನ್ನು ಕೇಳದೆ ಏನೂ ಮಾಡುವುದಿಲ್ಲ.

ಸುಮಂಗಲಾ

ಅಕ್ಕ, ನಿಮ್ಮ ಪತ್ರದ ಕೊನೆಯ ಸಾಲನ್ನು ಓದಿದ್ದೇನೆ. ಅದಕ್ಕೆ ಏನು ಬರೆಯಬೇಕೋ ಗೊತ್ತಾಗಲಿಲ್ಲ. ಮೂರ್ತಿ ಭಾವ ತೀರಿಹೋದಾಗಲೂ ಹೀಗೇ ಆಗಿತ್ತು.


ಬಾಗಲಕೋಟೆ
24 ಮಾರ್ಚ್ 2007

ಸುಮಂಗಲಾ,

ನೀನು ಅತ್ತೆಗೆ ಹೇಳಬೇಡ ಎಂದು ನಾನು ಎಸ್‌ಟಿಡಿ ಬೂತಿನಿಂದ ಫೋನು ಮಾಡಿದ್ದು ಆ ದಿನ ಸರಿಯಾಗಿ ಕೇಳಿಸಿತೋ ಇಲ್ಲವೋ. ಮೂರು ಮಾತಿಗೆ ಲೈನು ಹೋಯಿತು. ಆಮೇಲೆ ನಡೆದದ್ದನ್ನು ಬರೆಯುತ್ತೇನೆ.

ಒಬ್ಬಳನ್ನೇ ಹುಡುಕಿದರೆ ಅವಳ ಬಾಗಿಲಿಗೆ ಬೊಟ್ಟಿಟ್ಟಂತೆ. ಆದ್ದರಿಂದ ಅವಳನ್ನು ಹುಡುಕಲೇ ಇಲ್ಲ. ತಾಲ್ಲೂಕು ವೈದ್ಯಾಧಿಕಾರಿ ಮಹಾಬಲೇಶ್ವರ ಅವರನ್ನು ಕಂಡು, ಬೇವಿನಾಳ ಮತ್ತು ಸುತ್ತಿನ ಹಳ್ಳಿಗಳ ಎಲ್ಲ ಬಸುರಿಯರಿಗೂ ರಕ್ತಪರೀಕ್ಷೆಯ ಶಿಬಿರ ಇಡಿಸಿದೆ. ರಕ್ತಹೀನತೆ, ಸಕ್ಕರೆ, ಎಚ್‌ಐವಿ, ಎಲ್ಲವೂ. ಎಲ್ಲರಿಗೂ ಒಂದೇ ಮಾತು ಹೇಳುವುದು, ಒಬ್ಬೊಬ್ಬರನ್ನೇ ಒಳಗೆ ಕರೆದು ಒಪ್ಪಿಗೆ ಕೇಳುವುದು.

ಜನ ಬಂದರು. ಅತ್ತೆಯಂದಿರೂ ಬಂದರು. "ಬಸರಿ ಹೆಂಗಸರ ಮೈಯಾಗ ರಗತ ಇರೂದ ಇಟ್ಟು, ಅದನ್ನೂ ನೀವ ಹೀರ್ರಿ" ಎಂದು ಒಬ್ಬಾಕೆ ಬಾಗಿಲಲ್ಲೇ ಕೂತು ಬೈಯುತ್ತಿದ್ದಳು. ಬೈಯುತ್ತಲೇ ಸೊಸೆಯನ್ನು ಸಾಲಿನಲ್ಲಿ ಮುಂದೆ ತಳ್ಳುತ್ತಿದ್ದಳು. ನೀನು ಹಸಿರು ಸೀರೆ ಎಂದು ಬರೆದಿದ್ದೆ. ಕುಬಸ ಆದವರೆಲ್ಲ ಹಸಿರನ್ನೇ ಉಟ್ಟಿದ್ದರು. ಶಂಕ್ರೆವ್ವ ಎಂಬ ಹೆಸರು ಮಾತ್ರ ಬರಲಿಲ್ಲ.

ಸಂಜೆ ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ಚಹಾದಂಗಡಿಯಲ್ಲಿ ಹಗಲೆಲ್ಲ ಕೂತಿದ್ದ ಒಬ್ಬ ಎದ್ದು ಬಂದ.

"ಸಿಂಗಾಪೂರದ ಅಕ್ಕಾರು ಕಳಿಸ್ಯಾರೇನ್ರಿ ನಿಮ್ಮನ್ನ?"

"ಕಳಿಸಿದ್ದು ಸರಕಾರ. ಈ ಊರಿಗೇ ಬಂದದ್ದಕ್ಕ ಕಾರಣ ಆಕಿ."

"ನೀವು ಹುಡುಕೂವಾಕಿ ಬಂದಿಲ್ರಿ. ನಾನ ಬ್ಯಾಡಂದೀನಿ."

ಯಾರು ಎಂದು ಇಬ್ಬರೂ ಹೇಳಲಿಲ್ಲ.

"ಹೇಳೀಯೇನು ಆಕಿಗೆ?"

"ಹೆಂಗ ಹೇಳ್ಲಿರಿ? ಹೇಳಿದ್ರ ತವರಿನವ್ರು ಆಕಿನ್ನ ತಿರುಗಿ ಕಳಸೂದಿಲ್ಲ. ಹೇಳದಿದ್ರ ಯಾರಿಗೂ ಗೊತ್ತಾಗೂದಿಲ್ಲ."

"ಕೂಸಿಗೆ ಗೊತ್ತಾಗತೈತಿ."

ಅವನು ಕೈಯಲ್ಲಿದ್ದ ಟವೆಲನ್ನು ಹಿಂಡುತ್ತ ನಿಂತ. ಬಸ್ಸು ಬಂತು. ನಾನು ಹತ್ತಲಿಲ್ಲ. ಹೀಗೆ ಹೇಳಿದೆ: ನನ್ನ ಗಂಡನೂ ನನಗೆ ಹೇಳಲಿಲ್ಲ. ಅವರಿಗೂ ಗೊತ್ತಿತ್ತು, ಅತ್ತೆ ಮಾವನಿಗೂ ಗೊತ್ತಿತ್ತು. ಗಂಡ ತೀರಿಕೊಂಡ ಮೇಲೆ ನನಗೆ ಜ್ವರ ಬಿಡದೆ ಬಂದಾಗ ಡಾಕ್ಟರು ಹೇಳಿದರು. ಸಿಟ್ಟು ರೋಗದ್ದಲ್ಲ. ಮನೆಯಲ್ಲಿ ಅಷ್ಟು ಜನಕ್ಕೆ ಗೊತ್ತಿದ್ದದ್ದು ನನಗೊಬ್ಬಳಿಗೇ ಗೊತ್ತಿರಲಿಲ್ಲವಲ್ಲ, ಅದು ಇನ್ನೂ ಹೋಗಿಲ್ಲ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಆದ್ರ ನೀವು ಅದೀರಲ್ರಿ."

"ಅದೀನಿ. ಕೆಲಸಾನೂ ಮಾಡಾಕತ್ತೀನಿ."

ಮಂಗಳವಾರ ಮತ್ತು ಶುಕ್ರವಾರ ಆಸ್ಪತ್ರೆಯಲ್ಲಿ ಇರುತ್ತೇನೆ ಎಂದೆ. ಅವನು ಬರುತ್ತೇನೆ ಎನ್ನಲಿಲ್ಲ. ತಲೆಯನ್ನೂ ಆಡಿಸಲಿಲ್ಲ.

ನಿನಗೆ ನಾಲ್ಕು ವರ್ಷ ಬರೆಯದ್ದನ್ನು ಬಸ್‌ಸ್ಟಾಪಿನಲ್ಲಿ ಅವನಿಗೆ ಹೇಳಿದೆ. ಆದ್ದರಿಂದ ನಿನಗೂ ತಿಳಿದಿರಲಿ.

ಶೈಲಶ್ರೀ


ಹೌಗಾಂಗ್
9 ಏಪ್ರಿಲ್ 2007

ಶೈಲಕ್ಕ,

ಔಷಧ ತೆಗೆದುಕೊಳ್ಳುತ್ತಿದ್ದೀರಾ? ಮೈಗೆ ಒಗ್ಗಿದೆಯೇ? ಇದನ್ನು ನಾಲ್ಕು ವರ್ಷದ ಹಿಂದೆ ಕೇಳಬೇಕಿತ್ತು. ಆಗ ನನಗೆ ತಿಳಿದಿದ್ದು ಮೂರ್ತಿ ಭಾವ ಹೋದರು ಎಂಬುದು ಮಾತ್ರ. ಯಾತರಿಂದ ಎಂದು ಊರಿನವರು ಫೋನಿನಲ್ಲಿ ದನಿ ತಗ್ಗಿಸಿದಾಗ ಅರ್ಥವಾಯಿತು; ಅರ್ಥವಾದ ಮೇಲೆ ಬರೆಯುವುದು ಇನ್ನೂ ಕಷ್ಟವಾಯಿತು. ವಾರಕ್ಕೊಮ್ಮೆ ಅಪರಿಚಿತರ ಎದುರು ಕೂತು ಇದನ್ನೇ ಮಾತಾಡುತ್ತೇನೆ. ನಿಮಗೆ ಒಂದು ಸಾಲು ಬರೆಯಲಾಗಲಿಲ್ಲ.

ಇಲ್ಲಿ ಕೆಲಸ ಹೆಚ್ಚಾಗಿದೆ. ಕಡಲ ಬದಿಯಲ್ಲಿ ಹೊಸ ಕಟ್ಟಡಗಳು, ಹಡಗುಕಟ್ಟೆಗೆ ತಿಂಗಳು ತಿಂಗಳೂ ಹೊಸ ಹುಡುಗರು. ಪಾಸಿಟಿವ್ ಬಂದವರನ್ನು ಇಲ್ಲಿ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿಲ್ಲ. ಹೋಗುವ ಮುಂಚೆ ಒಂದು ಗಂಟೆ ಕೂತು ಮಾತಾಡಲು ಅವಕಾಶ ಕೊಡಿ ಎಂದು ನಮ್ಮ ಗುಂಪು ಕೆಲವು ಕಂಪನಿಗಳನ್ನು ಕೇಳಿದೆ. ಎರಡು ಒಪ್ಪಿವೆ. ಈಗ ನಾವು ಯಾರ ವಿಳಾಸವನ್ನೂ ಕೇಳುವುದಿಲ್ಲ. ಅವರ ರಾಜ್ಯದಲ್ಲಿ ಔಷಧ ಸಿಗುವ ಆಸ್ಪತ್ರೆಗಳ ವಿಳಾಸವನ್ನು ನಾವೇ ಕೊಡುತ್ತೇವೆ. ಊರ ಹತ್ತಿರದ್ದು ಬೇಡವೆನ್ನುವವನು ದೂರದ್ದಕ್ಕೆ ಹೋಗಲಿ. ಅನಂತರಾಮ್ ಅಂಕಲ್ ಅದನ್ನು ಚಂದದ ಅಕ್ಷರದಲ್ಲಿ ಬರೆದು ಕೊಡುತ್ತಾರೆ.

ಅವಳು ಬಂದಳೇ ಎಂದು ಕೇಳಬಾರದೆಂದು ಗೊತ್ತು. ಆದರೂ ಹೆರಿಗೆಯ ದಿನ ಹತ್ತಿರವಾಗುತ್ತಿದೆ. ಊಟದಂಗಡಿಗಳ ಹಾಕರ್ ಸೆಂಟರಿನಲ್ಲಿ ಬಸುರಿಯೊಬ್ಬಳು ತಟ್ಟೆ ಹಿಡಿದು ಜಾಗ ಹುಡುಕುತ್ತಿದ್ದರೆ ನನ್ನ ಕೈಯ ಚಮಚ ನಿಲ್ಲುತ್ತದೆ. ನೀವು ಉತ್ತರ ಬರೆಯದಿದ್ದರೂ ತಪ್ಪು ತಿಳಿಯುವುದಿಲ್ಲ.

ನಿಮ್ಮ
ಸುಮಂಗಲಾ


ಬಾಗಲಕೋಟೆ
11 ಜೂನ್ 2007

ಸುಮಂಗಲಾ,

ಔಷಧ ಒಗ್ಗಿದೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಕೇಳಿದ್ದು ಒಳ್ಳೆಯದಾಯಿತು.

ಮುಂದಿನದನ್ನು ಶಂಕ್ರೆವ್ವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ, ನನ್ನ ಸಲುವಾಗಿ ಒದ್ದಾಡಿದಾಕಿ, ಆಕಿಗ್ಯಾಕ ಮುಚ್ಚಿಡೂದು" ಎಂದಳು.

ಏಪ್ರಿಲ್ ಮೊದಲ ವಾರ ಇಬ್ಬರೂ ಬಂದರು. ಹೇಳಿದ್ದೀಯಾ ಎಂದು ಕಣ್ಣಲ್ಲೇ ಕೇಳಿದೆ. ತಿಪ್ಪಣ್ಣ ಕಣ್ಣಲ್ಲೇ ಇಲ್ಲ ಎಂದ. ನನ್ನೆದುರು ಕೂತು ಮೂರು ಸಲ ಗಂಟಲು ಸರಿಮಾಡಿಕೊಂಡ. ಕೊನೆಗೆ ಆಕೆಯೇ ನನ್ನ ಕಡೆ ತಿರುಗಿದಳು.

"ಬಂದಾಗಿಂದ ಇಂವ ನನ್ನ ಹಂತೇಕ ಮಲಗಿಲ್ರಿ. ಜಗಲೀ ಮ್ಯಾಲ ಮಲಗತಾನ. ಸೆಕಿ ಅಂತಾನ. ಚಳಿ ಇದ್ದಾಗೂ ಸೆಕಿ ಅಂದ. ಗಂಡಸು ಸುಮ್ನ ಹಂಗ ಮಾಡೂದಿಲ್ಲ. ಏನೈತಿ ಅದನ್ನ ನೀವರ ಹೇಳ್ರಿ."

ಅವನು ಆಗ ಹೇಳಿದ. ಅವಳು ಅಳಲಿಲ್ಲ. ಮೊದಲು ಅವನ ಮುಖಕ್ಕೆ ಸೆರಗು ಜಾಡಿಸಿ ಹೊಡೆದಳು. ಆಮೇಲೆ ನನ್ನ ಕಡೆ ತೋಳು ಚಾಚಿ, "ತಗೋರಿ ರಗತ" ಎಂದಳು. ಅವಳಿಗೂ ಇತ್ತು.

ಅಲ್ಲಿಂದ ಹೆರಿಗೆಯವರೆಗೆ ಅವನೊಡನೆ ಮಾತು ಬಿಟ್ಟಿದ್ದಳು. ನಾನು ಹೇಳಿದ ದಿನಕ್ಕೆ ತಪ್ಪದೆ ಬಂದಳು, ಅವನನ್ನು ಹತ್ತು ಹೆಜ್ಜೆ ಹಿಂದೆ ಬಿಟ್ಟು. ಚೊಚ್ಚಲು ಹೆರಿಗೆ ತವರಿನ ಹೊಸ್ತಿಲೊಳಗೇ ಆಗಬೇಕೆಂದು ಅವಳ ತಾಯಿಯ ಹಟ. ಕೂಸು ಅಡ್ಡ ಇದೆ ಎಂದು ಶಂಕ್ರೆವ್ವನೇ ಸುಳ್ಳು ಹೇಳಿ ಒಪ್ಪಿಸಿದಳು. ಮೇ ಕೊನೆಗೆ ಜಿಲ್ಲಾ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ನೋವು ಶುರುವಾದಾಗ ಅವಳಿಗೆ ಗುಳಿಗೆ ಕೊಟ್ಟರು, ಹುಟ್ಟಿದ ಮೇಲೆ ಕೂಸಿನ ನಾಲಿಗೆಗೆ ಔಷಧ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೆಣ್ಣು ಕೂಸು.

ಕೂಸಿಗೆ ತಗಲಿದೆಯೇ ಇಲ್ಲವೇ ಎಂಬುದು ಈಗ ತಿಳಿಯದು. ತಾಯಿಯಿಂದ ಬಂದ ರಕ್ತದ ಗುರುತು ಹೋಗಿ ಪರೀಕ್ಷೆ ಖಚಿತವಾಗಲು ಒಂದೂವರೆ ವರ್ಷ ಬೇಕು. ಕಾಯಬೇಕು.

ಶೈಲಶ್ರೀ


ಬಾಗಲಕೋಟೆ
28 ನವೆಂಬರ್ 2008

ಸುಮಂಗಲಾ,

ಬ್ಯಾಂಕುಗಳ ಸುದ್ದಿ ಇಲ್ಲಿಯ ಪತ್ರಿಕೆಯಲ್ಲೂ ಬರುತ್ತಿದೆ. ಶಿವಪ್ರಸಾದರ ಕೆಲಸ ಉಳಿದಿದೆ ಎಂದು ನೀನು ಬರೆದದ್ದು ಓದಿ ಸಮಾಧಾನವಾಯಿತು.

ನಿನ್ನೆ ಶಂಕ್ರೆವ್ವ ಮಗಳ ಫಲಿತಾಂಶಕ್ಕೆ ಬಂದಿದ್ದಳು. ತಿಪ್ಪಣ್ಣ ಹೊರಗೆ ಬೆಂಚಿನ ಮೇಲಿದ್ದ. ಅವನ ಮೈ ತುಂಬಿದೆ. ಈಗ ಇಳಕಲ್ಲಿನಲ್ಲಿ ಮನೆಗಳಿಗೆ ಬಣ್ಣ ಹೊಡೆಯುತ್ತಾನೆ. ಇಬ್ಬರೂ ಮಾತಾಡುತ್ತಾರೆ. ಜಗಳದ ಮಾತೇ ಹೆಚ್ಚು ಎಂದು ಅವನು ನಗುತ್ತ ದೂರು ಹೇಳಿದ.

ಫಲಿತಾಂಶವನ್ನು ಮೊದಲು ತಾಯಿಗೇ ಹೇಳುವುದು ನಮ್ಮ ಪದ್ಧತಿ. ಬಾಗಿಲು ಹಾಕಿದೆ. ಮಗು ಮೇಜಿನ ಮೇಲಿನ ಪೆನ್ನು ಕಿತ್ತುಕೊಂಡು ಬಾಯಿಗಿಡುತ್ತಿತ್ತು.

"ಕೂಸಿಗಿಲ್ಲ" ಎಂದೆ.

ಅವಳಿಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಹೇಳಿದೆ. "ಕೇಳಿತ್ರಿ" ಎಂದಳು. ನಿನಗೆ ಬರೆದಿರಲಿಲ್ಲ: ಹುಟ್ಟಿದ ದಿನದಿಂದ ಅವಳು ಮಗುವಿಗೆ ಎದೆಹಾಲು ಕೊಟ್ಟಿಲ್ಲ. ಹಾಲಿನಿಂದಲೂ ತಗಲಬಹುದು ಎಂದು ನಾನೇ ತಿಳಿಸಿ ಹೇಳಿದ್ದೆ. ಬೇಡ ಎಂದು ತೀರ್ಮಾನಿಸಿದ್ದು ಅವಳು. ಬಾಣಂತಿಗೆ ಹಾಲು ಸೋರುತ್ತಿದ್ದರೂ ಆಕಳ ಹಾಲು ಕಾಯಿಸಿ ಒಳಲೆಯಲ್ಲಿ ಕುಡಿಸಿದಳು. ತಾಯಿ ಬೈದಳು, ಓಣಿಯ ಹೆಂಗಸರು ಅಂದ ಕೆಡುತ್ತದೆಂದು ಹೀಗೆ ಮಾಡುತ್ತಾಳೆ ಎಂದು ಆಡಿಕೊಂಡರು. ಯಾರಿಗೂ ಉತ್ತರ ಕೊಡಲಿಲ್ಲ.

ಈಗ ಮಗುವನ್ನು ತೊಡೆಯ ಮೇಲೆಳೆದುಕೊಂಡು ನನ್ನನ್ನು ಕೇಳಿದಳು:

"ಇನ್ನ ಹಾಲು ಕೊಡಬಹುದೇನ್ರಿ ನಾನು?"

ಸುಮಂಗಲಾ, ಈ ಕುರ್ಚಿಯಲ್ಲಿ ಕೂತು ಎಷ್ಟೋ ಜನಕ್ಕೆ ಎಷ್ಟೋ ಹೇಳಿದ್ದೇನೆ. ಇದನ್ನೂ ಹೇಳಬೇಕಾಯಿತು. "ಇಲ್ಲವ್ವಾ. ಈಗೂ ಬ್ಯಾಡ" ಎಂದೆ.

"ಗೊತ್ತೈತ್ರಿ" ಎಂದಳು. "ಅದು ಎಂದೋ ಬತ್ತಿ ಹೋಗೈತಿ. ಸುಮ್ನ ಕೇಳಿದ್ನಿರಿ."

ಮಗುವಿನ ಬಾಯಿಂದ ಪೆನ್ನು ಬಿಡಿಸಿ, ಸೆರಗಿನಲ್ಲಿ ಒರೆಸಿ ನನಗೆ ಕೊಟ್ಟಳು. ಆಮೇಲೆ ಬಾಗಿಲು ತೆಗೆದು ಗಂಡನನ್ನು ಒಳಗೆ ಕರೆದಳು. ಸುದ್ದಿಯನ್ನು ಅವಳೇ ಹೇಳಲಿ ಎಂದು ನಾನು ಹೊರಗೆ ಬಂದೆ.

ನಿನ್ನ ಅಕ್ಕ
ಶೈಲಶ್ರೀ